ಕಣ್ಣುಬೇನೆಯ ಬೇಸಿಗೆ

ನಾನು ಹೇಳುತ್ತಿರುವ ಕಾಲಕ್ಕೆ ರಾಜಾಜಿನಗರ ಇನ್ನೂ ಊರಾಗಿರಲಿಲ್ಲ, ಹೊಲವಾಗಿಯೂ ಉಳಿದಿರಲಿಲ್ಲ. ಗೆರೆ ಎಳೆದಂತೆ ರಸ್ತೆಗಳಿದ್ದವು, ಅವಕ್ಕೆ ಡಾಂಬರು ಬಿದ್ದಿರಲಿಲ್ಲ. ಸೈಟು ಗುರುತಿಗೆಂದು ನೆಟ್ಟ ಕಲ್ಲುಗಳಿಗೆ ಕೇತಮಾರನಹಳ್ಳಿಯವರು ಎಮ್ಮೆ ಕಟ್ಟುತ್ತಿದ್ದರು. ನಮ್ಮದು ಕೆಲಸಗಾರರಿಗಾಗಿ ಕಟ್ಟಿಸಿದ ಸಾಲುಮನೆ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗೈಯಗಲದ ಹಿತ್ತಿಲು. ಪಕ್ಕದ ಮನೆಯ ಹಿತ್ತಿಲಿಗೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ ಗೋಡೆ. ಬೆಳಿಗ್ಗೆ ಮಿಲ್ಲಿನ ಸೈರನ್ನು ಕೂಗುವ ಮೊದಲೇ ಇಡೀ ಸಾಲಿನಲ್ಲಿ ಸೌದೆ ಹೊಗೆ, ಸುಟ್ಟ ರಾಗಿರೊಟ್ಟಿಯ ವಾಸನೆ.

ಗೋಡೆಯ ಆಚೆ ನಾಗಿ ಇದ್ದಳು. ಹಿಂದಿನ ಓಣಿಯಲ್ಲಿದ್ದ ಜಟಕಾ ಓಡಿಸುವವರ ಮಗಳು ಮೆಹರು. ನಾವು ಮೂವರೂ ಒಂದೇ ಕ್ಲಾಸು, ಒಂದೇ ಬೆಂಚು. ಕುಂಟೆಬಿಲ್ಲೆ ಆಡಿದರೆ ನಾಗಿ ಗೆಲ್ಲುತ್ತಿದ್ದಳು, ಜಗಳವಾಡಿದರೆ ಮೆಹರು. ಲೆಕ್ಕದಲ್ಲಿ ಮಾತ್ರ ನಾನು.

ಅಪ್ಪ ಮಿಲ್ಲಿನಲ್ಲಿ ಫಿಟ್ಟರು. ಅವನಿಗೆ ಕೆಲಸ ಕಲಿಸಿದ್ದ ಹಳೇ ಮೇಸ್ತ್ರಿಯೊಬ್ಬರು ಆಫ್ರಿಕಾಕ್ಕೆ ಹೋಗಿ, ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ದೊಡ್ಡ ಜಾಗದಲ್ಲಿದ್ದರು. ಅವರು ಅಪ್ಪನನ್ನು ಕರೆಸಿಕೊಂಡರು. ಸಂಸಾರ ಸಮೇತ ಬರಬಹುದು, ಮನೆ ಕೊಡ್ತಾರೆ, ಮಕ್ಕಳಿಗೆ ಸ್ಕೂಲಿದೆ ಎಂದು ಹೇಳಿ ಕಳಿಸಿದ್ದರು. ಸ್ಕೂಲು ಎಂಬ ಮಾತಿಗೇ ಅಪ್ಪ ಸೋತದ್ದು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಮನುಷ್ಯ ಅವನು. ಸಹಿ ಬಿಟ್ಟು ಬೇರೇನೂ ಬರೆಯಲು ಅವನಿಗೆ ಬರುತ್ತಿರಲಿಲ್ಲ.

ಸುದ್ದಿ ಹೇಳಿದ ದಿನ ನಾಗಿ ಆಡುತ್ತಿದ್ದ ಬಿಲ್ಲೆಯನ್ನು ಕೈಯಲ್ಲೇ ಹಿಡಿದು ನಿಂತಳು.

"ಆಫ್ರಿಕಾದಲ್ಲಿ ಸಿಂಹ ಇರ್ತಾವಂತೆ ಕಣೇ ಸರೋಜಿ. ಹಿತ್ಲಿಗೇ ಬಂದ್ಬಿಟ್ರೆ?"

"ಅರೇ, ಬರಲಿ ಬಿಡೇ," ಅಂದಳು ಮೆಹರು. "ಕೂತ್ಕೋ, ಲೆಕ್ಕ ಹೇಳ್ಕೊಡ್ತೀನಿ ಅಂತಾಳೆ ಇವ್ಳು. ಸಿಂಹಾನೇ ಬಾಲ ಎತ್ಕೊಂಡ್ ಓಡೋಗುತ್ತೆ."

ಬಿದ್ದು ಬಿದ್ದು ನಕ್ಕೆವು. ಬೇಸಿಗೆ ರಜಕ್ಕೆ ಸ್ಕೂಲು ಮುಚ್ಚಿತ್ತು. ಹೊರಡುವವರೆಗೂ ಆಡಿಕೋ, ಕೆಲಸ ಹೇಳುವುದಿಲ್ಲ ಎಂದು ಅವ್ವ ಮಾತು ಕೊಟ್ಟಿದ್ದಳು. ಇನ್ನೇನು ಬೇಕು?

ಅಷ್ಟರಲ್ಲಿ ಕಣ್ಣುಬೇನೆ ಬಂತು.

ರಸ್ತೆಯ ಆ ತುದಿಯ ಮನೆಯಲ್ಲಿ ಶುರುವಾಗಿ ಮನೆಯಿಂದ ಮನೆಗೆ ನಡೆದು ಬಂತು. ಎಲ್ಲರ ಕಣ್ಣೂ ಕೆಂಡ, ರೆಪ್ಪೆ ಅಂಟಿ ಪಿಸುರು. ಅರಿಶಿನದ ನೀರಿನಲ್ಲಿ ಅದ್ದಿದ ಬಟ್ಟೆ ಹಿಡಿದು, ಬಿಸಿಲಿಗೆ ಮುಖ ಸಿಂಡರಿಸಿಕೊಂಡು ಜನ ಓಡಾಡುತ್ತಿದ್ದರು. ಬೇರೆ ವರ್ಷವಾಗಿದ್ದರೆ ಅದೊಂದು ತಮಾಷೆ. ಆದರೆ ಅಪ್ಪ ಹೇಳಿದ್ದ ಒಂದು ಮಾತು ಅವ್ವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಬೊಂಬಾಯಿಯಲ್ಲಿ ಹಡಗು ಹತ್ತುವ ಮುಂಚೆ ಡಾಕ್ಟರು ಪ್ರತಿಯೊಬ್ಬರ ಕಣ್ಣನ್ನೂ ಬಿಡಿಸಿ ನೋಡುತ್ತಾರಂತೆ. ಒಬ್ಬರ ಕಣ್ಣು ಕೆಂಪಗಿದ್ದರೂ ಇಡೀ ಸಂಸಾರವನ್ನು ದಡದಲ್ಲೇ ನಿಲ್ಲಿಸುತ್ತಾರಂತೆ.

ಮಿಲ್ಲಿನ ಕೆಲಸ ಬಿಟ್ಟಾಗಿತ್ತು. ಮನೆ ಇನ್ನೊಬ್ಬರ ಹೆಸರಿಗಾಗಿತ್ತು. ಅವರಾಗಲೇ ಬಂದು ಒಲೆ ಎಲ್ಲಿದೆ, ಕಿಟಕಿ ಎಷ್ಟಗಲ ಎಂದು ನೋಡಿಕೊಂಡು ಹೋಗಿದ್ದರು. ಒರಳುಕಲ್ಲು ಸೋದರತ್ತೆಯ ಮನೆ ಸೇರಿತ್ತು. ದಡದಲ್ಲಿ ನಿಲ್ಲಿಸಿದರೆ ವಾಪಸು ಬರಲು ನಮಗೆ ಜಾಗವೇ ಇರಲಿಲ್ಲ.

ಕಣ್ಣುಬೇನೆ ನೋಟದಿಂದ ಅಂಟುತ್ತದೆ ಎಂಬುದು ನಮ್ಮ ಸಾಲಿನಲ್ಲಿ ಯಾರೂ ಅನುಮಾನಿಸದ ಸತ್ಯ. ಬೇನೆ ಬಂದವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಮುಗಿಯಿತು, ಮರುದಿನ ನಿನಗೂ ಬಂತು.

"ಯಾರ ಮುಖಾನೂ ನೋಡ್ಕೂಡ್ದು ನೀನು," ಅಂದಳು ಅವ್ವ. "ನೆಲ ನೋಡ್ಕೊಂಡ್ ಹೋಗು, ನೆಲ ನೋಡ್ಕೊಂಡ್ ಬಾ. ತಲೆ ಎತ್ತಿದ್ರೆ ಬರೆ ಹಾಕ್ತೀನಿ."

ತಮ್ಮ ಇನ್ನೂ ಸೊಂಟದ ಮೇಲಿನ ಕೂಸು. ಅವನ ಮುಖಕ್ಕೆ ಸೆರಗು ಮುಚ್ಚಿದರಾಯಿತು. ನಡೆದಾಡುವವಳು ನಾನು, ಆದ್ದರಿಂದ ಭಯವೆಲ್ಲ ನನ್ನ ಮೇಲೆ. ದಿನಾ ಬೆಳಿಗ್ಗೆ ಅವ್ವ ನನ್ನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು. ಕಣ್ಣು ಚೂರು ನವೆಯಾದರೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೊಗೆಯಿಂದಲೋ, ಧೂಳಿನಿಂದಲೋ, ಬಂದೇಬಿಟ್ಟಿತೋ? ತೊಳೆದೆ, ಮತ್ತೆ ತೊಳೆದೆ, ಲಂಗದ ಅಂಚಿನಿಂದ ಉಜ್ಜಿದೆ. ಹಾಗೆ ಉಜ್ಜಿ ಉಜ್ಜಿಯೇ ಒಂದು ಬೆಳಿಗ್ಗೆ ಎರಡೂ ಕಣ್ಣು ಕೆಂಪಾದವು. ರೆಪ್ಪೆ ಎಳೆದ ಅವ್ವ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತಳು.

"ಹೋಯ್ತು. ಎಲ್ಲಾ ಹೋಯ್ತು."

ಅಪ್ಪ ಎದ್ದು ಹೊರಗೆ ಹೋದ. ಎಲ್ಲಿಂದಲೋ ನಂದಿಬಟ್ಟಲು ಹೂ ಕಿತ್ತು ತಂದು, ನೀರಲ್ಲಿ ನೆನೆಸಿ ನನ್ನ ಕಣ್ಣ ಮೇಲಿಟ್ಟ. ಎಣ್ಣೆ, ಕಬ್ಬಿಣ ಮುಟ್ಟಿ ಒರಟಾದ ಆ ಬೆರಳು ಹೂವಿಗಿಂತ ಹಗುರವಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಕೆಂಪು ಇಳಿಯಿತು. ಅವತ್ತಿನಿಂದ ನಾನು ಕಣ್ಣು ಮುಟ್ಟಿಕೊಳ್ಳುವುದನ್ನೇ ಬಿಟ್ಟೆ, ಜನರ ಮುಖ ನೋಡುವುದನ್ನೂ ಪೂರ್ತಿ ಬಿಟ್ಟೆ. ಜನರನ್ನು ಪಾದದಿಂದ ಗುರುತು ಹಿಡಿಯುವುದು ಅಭ್ಯಾಸವಾಯಿತು.

ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಾಗ ಯಾರದೋ ಕಾಲುಂಗುರದ ಪಾದ ನನ್ನ ಮುಂದೆ ನಿಂತಿತು.

"ನೋಡ್ರವ್ವಾ, ಇನ್ನೂ ಹಡಗು ಹತ್ತಿಲ್ಲ. ಆಗ್ಲೇ ನಮ್ಮ ಮುಖ ಕಂಡ್ರೆ ಆಗಲ್ಲ ಈ ಮಾರಾಣಿಗೆ!"

ಸುತ್ತ ಇದ್ದವರು ನಕ್ಕರು. ಆ ನಗುವಿನ ನಡುವೆ ಪಕ್ಕದಲ್ಲೇ ಎರಡು ಪುಟ್ಟ ಪಾದ ಕಂಡೆ, ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದು. ನಾಗಿಯದು. ಅವಳು ನಗಲಿಲ್ಲ. ನಾನು ಕೊಡ ಎತ್ತಿಕೊಂಡು ತಲೆ ತಗ್ಗಿಸಿಯೇ ಬಂದೆ.

ಮೆಹರುಗೆ ಬೇನೆ ಬಂದು ಹೋಯಿತು. ಹೊರಡುವ ವಾರದಲ್ಲಿ ನಾಗಿಗೆ ಬಂತು. ಒಂದು ಸಂಜೆ ಗೋಡೆಯಾಚೆಯಿಂದ ಅವಳ ದನಿ: "ಸರೋಜೀ, ನನ್ ಮೇಲೆ ಕೋಪಾನೇನೇ?"

ಅವ್ವ ಒಳಗಿನಿಂದ ಬಾಗಿಲು ಹಾಕಿ ಅಗುಳಿ ಇಟ್ಟಳು. ನಾನು ಅಗುಳಿಯ ಕೆಳಗೇ ಕೂತು ಅತ್ತೆ. ಅಳುವಾಗಲೂ ಭಯ, ಅತ್ತರೆ ಕಣ್ಣು ಕೆಂಪಾಗುತ್ತದಲ್ಲ ಎಂದು.

ಹೊರಡುವ ದಿನ ಊಟಕ್ಕೆ ಕೂತಾಗ ಅಪ್ಪ ಅಂದ, "ಮಾತಾಡ್ಕೊಳ್ಲಿ ಬಿಡೇ. ಮಾತಿಗೇನು ಕಣ್ಣಿದ್ಯಾ? ಗೋಡೆಗೆ ಬೆನ್ ಕೊಟ್ಟು ಕೂತ್ಕೊಳ್ಲಿ."

"ತಿರುಗಿ ನೋಡ್ಬಿಟ್ರೆ?"

"ನೋಡಲ್ಲ. ನನ್ ಮಗಳು."

ಆ ಮಾತು ಕಟ್ಟಿ ಹಾಕಿದಷ್ಟು ಅವ್ವನ ಬರೆಯ ಹೆದರಿಕೆಯೂ ನನ್ನನ್ನು ಕಟ್ಟಿರಲಿಲ್ಲ.

ಸುಡುವ ಬಿಸಿಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಆಚೆ ಯಾರೋ ಕೂತ ಸದ್ದು, ಇನ್ನೊಬ್ಬರು ನಿಂತ ಸದ್ದು.

"ಬಂದಿದೀವಿ ಕಣೇ," ಅಂದಳು ಮೆಹರು. "ಆಚೆ ತಿರುಗ್ಕೊಂಡಿದ್ದೀಯಾ?"

"ಹೂಂ. ನಾಗಿ, ಕೋಪ ಇಲ್ಲ ಕಣೇ. ಡಾಕ್ಟ್ರು ಕಣ್ ನೋಡ್ತಾರಂತೆ."

"ಗೊತ್ತು ಬಿಡೇ. ನಿಮ್ಮವ್ವ ನಮ್ಮವ್ವಂಗೆ ಹೇಳಿದ್ರು." ನಾಗಿಯ ದನಿ ನೆಗಡಿಯಾದಂತಿತ್ತು. "ಅಲ್ಲೂ ಕುಂಟೆಬಿಲ್ಲೆ ಆಡ್ತಾರೇನೇ?"

"ಗೊತ್ತಿಲ್ಲ."

"ಆಡದೇ ಇದ್ರೆ ನೀನೇ ಕಲ್ಸು. ಮೋಸ ಮಾತ್ರ ಕಲಿಸ್ಬೇಡ, ಅದು ನಿನಗೂ ಸರಿಯಾಗಿ ಬರಲ್ಲ."

ನನ್ನ ತಲೆಯ ಮೇಲಿಂದ ಒಂದು ಕೈ ಇಳಿಯಿತು. ಕೈಯಲ್ಲಿ ಕಡ್ಡಿಗೆ ಸಿಕ್ಕಿಸಿದ ಚಿಗಳಿ. ಹುಣಸೆಹಣ್ಣು, ಬೆಲ್ಲ, ಉಪ್ಪು, ಮೆಣಸಿನಕಾಯಿ, ಜೀರಿಗೆ ಕುಟ್ಟಿ ಮಾಡಿದ್ದು. ನಾಗಿ ಒಂದು ಸಲ ಚೀಪಿ ನನಗೆ ಕೊಟ್ಟಳು, ನಾನು ಚೀಪಿ ಮೆಹರುಗೆ ಕೊಟ್ಟೆ, ಅದು ಸುತ್ತಿ ಸುತ್ತಿ ಬಂತು. ಯಾವಾಗಲೂ ಹಾಗೇ ತಿನ್ನುತ್ತಿದ್ದೆವು. ಅಡುಗೆಮನೆ ಬಾಗಿಲಲ್ಲಿ ನಿಂತು ಹಾಸಿಗೆ ಸುರುಳಿ ಕಟ್ಟುತ್ತಿದ್ದ ಅವ್ವ ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಅವಳ ಕಾವಲೆಲ್ಲ ನನ್ನ ಕತ್ತಿನ ಮೇಲಿತ್ತು.

ಕುದುರೆಯ ಗೆಜ್ಜೆ ಕೇಳಿಸಿತು. ನಮ್ಮನ್ನು ಸ್ಟೇಷನ್ನಿಗೆ ಕರೆದೊಯ್ಯಲು ಮೆಹರುವಿನ ತಂದೆಯೇ ಜಟಕಾ ತಂದಿದ್ದರು. "ಸರೋಜಾ, ಹೊತ್ತಾಯ್ತು," ಅಪ್ಪ ಕೂಗಿದ. ಅವ್ವ ಕೂಸನ್ನೆತ್ತಿಕೊಳ್ಳಲು ಒಳಗೆ ಹೋದಳು.

ಎದ್ದೆ. ಎರಡು ಹೆಜ್ಜೆ ಹೋದೆ. ತಿರುಗಿಬಿಟ್ಟೆ.

ಮೆಹರು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ನಾಗಿ. ಅರಿಶಿನದ ಬಟ್ಟೆಯನ್ನು ಕಣ್ಣಿಗೆ ಅಡ್ಡವಾಗಿ ತಲೆಯ ಹಿಂದಕ್ಕೆ ಬಿಗಿದು ಕಟ್ಟಿಕೊಂಡಿದ್ದಳು, ಕಣ್ಣಾಮುಚ್ಚಾಲೆಯಲ್ಲಿ ಕಟ್ಟುತ್ತೇವಲ್ಲ, ಹಾಗೆ.

ನನ್ನ ಹೆಜ್ಜೆ ನಿಂತದ್ದು ಅವಳಿಗೆ ಕೇಳಿಸಿರಬೇಕು.

"ತಿರುಗಿದ್ಯಲ್ಲಾ? ತಿರುಗ್ತೀಯ ಅಂತ ಗೊತ್ತಿತ್ತು ಕಣೇ ಕತ್ತೆ. ನಿಧಾನಕ್ ನೋಡ್ಕೋ. ನಾನಂತೂ ನೋಡ್ತಿಲ್ಲ."

ತಿರುಗಿ ನೋಡಿದ್ದನ್ನು ಬೊಂಬಾಯಿವರೆಗಿನ ರೈಲಿನಲ್ಲಿ ನಾನು ಬಾಯಿ ಬಿಡಲಿಲ್ಲ. ಪ್ರತಿ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಅವ್ವನ ಹೆಬ್ಬೆರಳು, ಪ್ರತಿ ಸಲ ಅವಳ ನಿಟ್ಟುಸಿರು. ನಾನು ಕಣ್ಣು ಮುಚ್ಚಿದರೆ ಹಳದಿ ಬಟ್ಟೆ ಕಾಣುತ್ತಿತ್ತು. ಬಂದರಿನ ಡಾಕ್ಟರು ನನ್ನ ರೆಪ್ಪೆ ಎಳೆದರು, ಸೀನುವಷ್ಟು ಹೊತ್ತೂ ನೋಡಲಿಲ್ಲ, ಮುಂದೆ ಹೋಗು ಎಂದು ಕೈ ಬೀಸಿದರು. ಅವ್ವ ಅಲ್ಲೇ ನೆಲಕ್ಕೆ ಹಣೆ ಮುಟ್ಟಿಸಿದಳು.

ಅಪ್ಪ ಆಸೆಪಟ್ಟ ಸ್ಕೂಲಿನಲ್ಲೇ ಓದಿದೆ. ಆಮೇಲೆ ಅವನನ್ನು ಕಾಡಿ ಬೇಡಿ ಬೆಂಗಳೂರಿಗೆ ಬಂದು, ಹಾಸ್ಟೆಲಿನ ನೀರುಸಾರು ಉಂಡು ಬಿ.ಎಸ್‌ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಅದೇ ಓದು ನನಗೆ ತಿಳಿಸಿತು, ಕಣ್ಣುಬೇನೆ ನೋಟದಿಂದ ಅಂಟುವುದಿಲ್ಲ, ಕೈಯಿಂದ, ಬಟ್ಟೆಯಿಂದ ಅಂಟುತ್ತದೆ ಎಂದು. ಕೈಯಿಂದ ಕೈಗೆ ಚಿಗಳಿ ದಾಟಿಸಿಕೊಂಡು ಕೂತಿದ್ದ ನಾವು ಒಬ್ಬರ ಮುಖ ಒಬ್ಬರು ಕಣ್ತುಂಬ ನೋಡಿಕೊಂಡಿದ್ದರೂ ಏನೂ ಆಗುತ್ತಿರಲಿಲ್ಲ. ಪುಸ್ತಕದಲ್ಲಿ ಆ ಸಾಲು ಓದಿದ ದಿನ ಲೈಬ್ರರಿಯಿಂದ ಎದ್ದು ಹೊರಗೆ ಹೋಗಿ ನಿಂತಿದ್ದೆ.

ಅವರಿಬ್ಬರನ್ನೂ ಹುಡುಕಿಕೊಂಡು ಬಂದಾಗ ಸಾಲುಮನೆಯಲ್ಲಿ ಬೇರೆಯವರಿದ್ದರು. ಮಿಲ್ಲಿನವರು ಎಲ್ಲೆಲ್ಲೋ ಹಂಚಿಹೋಗಿದ್ದರು. ನಾಗಿ ಮದುವೆಯಾಗಿ ಎಲ್ಲಿಗೋ ಹೋದಳೆಂದರು, ಮೆಹರು ಮನೆಯವರ ವಿಷಯ ಯಾರಿಗೂ ಗೊತ್ತಿರಲಿಲ್ಲ. ಈಗ ಅಲ್ಲಿ ಗೋಡೆಯೂ ಇಲ್ಲ, ಹಿತ್ತಿಲೂ ಇಲ್ಲ. ಮನೆಯ ಮೇಲೆ ಮನೆ. ಕಣ್ಣುಬೇನೆ ಬಂದರೆ ಮೆಡಿಕಲ್ ಸ್ಟೋರಿನಲ್ಲಿ ಹನಿಮದ್ದು ಸಿಗುತ್ತದೆ. ಒಬ್ಬರ ಸಲುವಾಗಿ ಇನ್ನೊಬ್ಬರು ಕಣ್ಣು ಕಟ್ಟಿಕೊಳ್ಳುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ನನ್ನ ಮನೆ ಇರುವುದು ಅಲ್ಲೇ ಹತ್ತಿರ, ಬಸವೇಶ್ವರನಗರದಲ್ಲಿ. ಸಂಜೆ ವಾಕಿಂಗಿಗೆ ಆ ಕಡೆ ಹೋದರೆ, ಎದುರು ಬರುವ ನನ್ನ ವಯಸ್ಸಿನ ಹೆಂಗಸರನ್ನೆಲ್ಲ ನಿಂತು, ನೇರವಾಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇನೆ. ಕೆಲವರಿಗೆ ಮುಜುಗರವಾಗುತ್ತದೆ. ಕೆಲವರು ನಿಂತು ಕೇಳುತ್ತಾರೆ:

"ಯಾರು ಬೇಕಾಗಿತ್ತಮ್ಮಾ?"