ವಸ್ತಾದರ ಮೊಮ್ಮಗನ ಮುಷ್ಟಿ

ಹೋದ ವಾರ ಚಿಕ್ಕೋಡಿಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹುಡುಗ ಬಂದು ಕುಳಿತ. ದಪ್ಪ ಕುತ್ತಿಗೆ, ಮುದುಡಿ ಗಟ್ಟಿಯಾದ ಕಿವಿ. ಸ್ನಾನ ಮಾಡಿಕೊಂಡೇ ಬಂದಿದ್ದ. ಆದರೂ ಅವನ ಮೈಯಿಂದ ತಾಲೀಮಿನ, ಅಂದರೆ ಗರಡಿಮನೆಯ, ಮಣ್ಣಿನ ವಾಸನೆ ಹೋಗಿರಲಿಲ್ಲ. ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡಿದ ಕೆಂಪು ಮಣ್ಣು ಅದು. ಕುಸ್ತಿ ಆಡುವವರ ಚರ್ಮಕ್ಕೆ ಒಮ್ಮೆ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ತಿರುಗಿಸಿದರೇನು, ನನ್ನ ಮಾವ ನೆನಪಿಗೆ ಬಂದೇ ಬಂದರು...

ಬೇಡಕಿಹಾಳದ ಕಡೆಯ ನಮ್ಮ ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಊರಿಗೆಲ್ಲ ಅವರು ವಸ್ತಾದ, ಹುಡುಗರಿಗೆ ಕುಸ್ತಿ ಕಲಿಸುವ ಗುರು. ನಾನು ಮದುವೆಯಾಗಿ ಬಂದ ದಿನದಿಂದ ಮಾಮಾ ಅಂದೆ. ತಾಯಂದಿರು ಮಕ್ಕಳನ್ನು ಕರೆತಂದು ಅವರ ಮುಂದೆ ನಿಲ್ಲಿಸುತ್ತಿದ್ದರು. ಮಾಮಾ ಹುಡುಗನ ಮೀನಖಂಡ ಒತ್ತಿ, ಹೆಗಲು ಹಿಡಿದು, ಕುತ್ತಿಗೆ ಸವರಿ, ಇವನು ಮಣ್ಣಿಗೆ ಬರುತ್ತಾನೋ ಇಲ್ಲವೋ ಹೇಳಿಬಿಡುತ್ತಿದ್ದರು. ಹೇಳಿದ್ದು ಬಹಳ ಸಲ ನಿಜವೂ ಆಗುತ್ತಿತ್ತು. ಕೆಟ್ಟ ಮನುಷ್ಯರಾಗಿರಲಿಲ್ಲ. ನಾನು ಬಸುರಿ ಇದ್ದಾಗ, ಪೈಲ್ವಾನರಿಗೆಂದು ಕಟ್ಟಿದ್ದ ಎಮ್ಮೆಗಳಲ್ಲಿ ಒಂದರ ಹಾಲನ್ನು ಪೂರ್ತಿ ನನಗೇ ಬಿಟ್ಟರು. ಹುಡುಗರು ಮುಖ ಸಣ್ಣ ಮಾಡಿದಾಗ, "ನೀವು ಕುಡಿದು ಏನ್ ಕಡದೀರಿ? ನಿಮಗಿಂತಾ ದೊಡ್ಡ ಪೈಲ್ವಾನ ಬರಾಕತ್ತಾನ ಒಳಗ," ಅಂದಿದ್ದರು.

ಮಗ ಹುಟ್ಟಿದ. ಹುಟ್ಟಿದ ಕೂಡಲೇ ಅಳಲಿಲ್ಲ. ಬೆನ್ನು ತಿಕ್ಕಿ, ಅಂಗಾಲು ತಟ್ಟಿ ಬಹಳ ಹೊತ್ತಿನ ಮೇಲೆ ಸಣ್ಣ ದನಿ ಬಂತು. ಅದನ್ನು ಮನೆಯಲ್ಲಿ ಎಲ್ಲರೂ ಬೇಗ ಮರೆತರು. ನಾಲ್ಕು ತಿಂಗಳು ಕಳೆದರೂ ಅವನ ಎರಡು ಮುಷ್ಟಿಗಳು ಬಿಗಿಯಾಗಿಯೇ ಇದ್ದವು, ಹೆಬ್ಬೆರಳು ಒಳಗೆ. ಮಾಮಾ ತಮ್ಮ ಎರಡು ಹೆಬ್ಬೆರಳನ್ನು ಆ ಮುಷ್ಟಿಗಳೊಳಗೆ ತೂರಿಸಿ ಮೆಲ್ಲಗೆ ಮೇಲೆತ್ತಿದರೆ ಕೂಸು ಹಾಸಿಗೆ ಬಿಟ್ಟು ಏಳುತ್ತಿತ್ತು. ತಾಲೀಮಿನ ಹುಡುಗರು ಸೀಟಿ ಹೊಡೆಯುತ್ತಿದ್ದರು. ಅಂಗೈ ಮೇಲೆ ನಿಲ್ಲಿಸಿದರೆ ಕಾಲು ಕೋಲಿನ ಹಾಗೆ ನೆಟ್ಟಗಾಗುತ್ತಿದ್ದವು. ಮಲಗಿದಾಗ ಮುಖ ಯಾವ ಕಡೆ ಹೊರಳುತ್ತದೋ ಆ ಕಡೆಯ ಕೈ ಸೆಟೆದು ಚಾಚಿಕೊಳ್ಳುತ್ತಿತ್ತು, ಇನ್ನೊಂದು ಕೈ ಮಡಿಚಿ ಕಿವಿಯ ಹತ್ತಿರ ಬರುತ್ತಿತ್ತು. ಅದನ್ನು ಮೊದಲು ಗಮನಿಸಿದವರೂ ಮಾಮಾ. "ನೋಡ್ರಿಲೇ, ಹಾಸಿಗ್ಯಾಗ ಮಲಕೊಂಡ ಕುಸ್ತಿಗೆ ನಿಂತಾನ!" ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದರು.

ನಾನು ಬೇರೆಯದನ್ನು ನೋಡುತ್ತಿದ್ದೆ. ಏಳನೇ ತಿಂಗಳಲ್ಲೂ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕೈ ಬಾಯಿಗೆ ಬರುತ್ತಿರಲಿಲ್ಲ. ಅಡುಗೆ ಮನೆಯಲ್ಲಿ ಒಂದು ತಾಟು ಬಿದ್ದರೂ ಸಾಕು, ಎರಡೂ ಕೈ ಹಾರಿಸಿ ಬೆಚ್ಚಿ ಅಳುತ್ತಿತ್ತು. ಚುಚ್ಚುಮದ್ದು ಹಾಕಲು ಬರುವ ನರ್ಸಮ್ಮ ಕೂಸನ್ನು ನೋಡಿ, ನಿಪ್ಪಾಣಿಗೆ ಕರೆದೊಯ್ಯಲು ಹೇಳಿದರು. ಅಲ್ಲಿ ಮಕ್ಕಳ ಕೈಕಾಲಿನ ವ್ಯಾಯಾಮ ನೋಡುವ ಫಿಜಿಯೋ ಮೇಡಂ ಒಬ್ಬರಿದ್ದರು. ನಮ್ಮ ಕಡೆ ಬಾಯಾರು ಅನ್ನುತ್ತಾರೆ. ನಾನು, ನಮ್ಮ ಮನೆಯವರು ಹೊರಟೆವು. ಮಾಮಾ ತಾವೂ ಬಂದರು. ಮೊಮ್ಮಗನ ಮೈಕಟ್ಟನ್ನು ಕಲಿತವರಿಗೆ ತೋರಿಸುವ ಹುರುಪು ಅವರಿಗೆ.

ಬಾಯಾರು ಮೊದಲು ಕೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡರು. ಕೂಸಿನ ಜೊತೆ ಮಾತಾಡುತ್ತ ಅದನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದರು. ಅಂಗೈಯಲ್ಲಿ ಕಿರುಬೆರಳಿಟ್ಟರು. ಮುಷ್ಟಿ ಕಚ್ಚಿಕೊಂಡಿತು. ತಲೆಯನ್ನು ನಿಧಾನವಾಗಿ ಬಲಕ್ಕೆ ಹೊರಳಿಸಿ ಕಾದರು. ಬಲಗೈ ಸೆಟೆಯಿತು. ಎಡಕ್ಕೆ ಹೊರಳಿಸಿ ಕಾದರು. ಎಡಗೈ ಸೆಟೆಯಿತು. ಬೆನ್ನಿಗೂ ತಲೆಗೂ ಅಂಗೈ ಕೊಟ್ಟು ಸ್ವಲ್ಪ ಎತ್ತಿ, ತಲೆಯನ್ನು ಒಂದಿಷ್ಟೇ ಹಿಂದಕ್ಕೆ ಇಳಿಬಿಟ್ಟರು. ಎರಡೂ ಕೈ ಹಾರಿದವು. ಕಡೆಗೆ ಹೊಟ್ಟೆ ಹಿಡಿದು ಬೋರಲಾಗಿ ಎತ್ತಿ ಚಾಪೆಯ ಕಡೆ ಸರ್ರನೆ ತಂದರು. ಬೀಳದಂತೆ ಕೈ ಊರಬೇಕಾದ ಅದೊಂದಕ್ಕೆ ಮಾತ್ರ ಕೂಸು ಏನೂ ಮಾಡಲಿಲ್ಲ. ಪ್ರತಿ ಸಲ ಕೈ ಸೆಟೆದಾಗಲೂ ಮಾಮಾ, "ಶಾಬ್ಬಾಸ್!" ಅನ್ನುತ್ತಿದ್ದರು. ಬಾಯಾರು ನಗಲಿಲ್ಲ.

"ಹುಟ್ಟಿದ ಎಲ್ಲಾ ಕೂಸಿಗೂ ಇವು ಇರತಾವರಿ," ಅಂದರು. "ಹಿಡಿಯೂದು, ಬೆಚ್ಚೂದು, ತಲಿ ಹೊಳ್ಳಿಸಿದ ಕಡೆ ಕೈ ಚಾಚೂದು. ಮಿದುಳು ಬೆಳದಂಗ ಇವು ತಾವ ಹೋಗಬೇಕು. ಇಷ್ಟೊತ್ತಿಗೆ ಹೋಗಬೇಕಾಗಿತ್ತು. ಹೋಗಿಲ್ಲ."

"ಬಂದ ಬಲ ಹೋಗಬೇಕ ಅಂತೀರೇನ್ರಿ?" ಮಾಮಾ ನಕ್ಕರು. "ನಮ್ಮನ್ಯಾಗ ಯಾರೂ ಹಂಗ ಕೇಳಿಲ್ಲರಿ."

"ಇದು ಬಲ ಅಲ್ರಿ ಅಜ್ಜಾರ."

ಮಾಮಾ ಎದ್ದರು. ಹೆಬ್ಬೆರಳು ತೂರಿಸಿ ಕೂಸನ್ನು ಚಾಪೆಯಿಂದ ಮೇಲೆತ್ತಿ ತೋರಿಸಿದರು. "ಬಲ ಅಲ್ಲಂತ! ಮತ್ತೇನಿದು?"

ಬಾಯಾರು ತಟ್ಟನೆ ಕೂಸಿನ ಕೆಳಗೆ ಎರಡೂ ಕೈ ಒಡ್ಡಿದರು. ದನಿ ಏರಿಸಲಿಲ್ಲ. "ಅವ ಹಿಡದಿಲ್ರಿ. ಅವಗ ಬಿಡಾಕ ಬರವಲ್ದು."

ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಪೂರ್ತಿ ಸರಿ ಆಗತೈತಿ ಅಂತ ನಾ ಹೇಳಂಗಿಲ್ಲವಾ. ಆದ್ರ ಈಗ ಸುರು ಮಾಡಿದ್ರ ಕೂಡೂದು, ತನ್ನ ಕೈಲೆ ತಿನ್ನೂದು ಬರಬಹುದು. ವರ್ಷ ದಾಟಿಸಬ್ಯಾಡ್ರಿ. ಮತ್ತ ಹಿಂಗ ಕಾಲ ಮ್ಯಾಲ ನಿಲ್ಲಸಬ್ಯಾಡ್ರಿ."

ಮೆಟ್ಟಿಲು ಇಳಿಯುವಾಗ ಮಾಮಾ, "ಜನ್ಮದಾಗ ಒಂದ ಕುಸ್ತಿ ನೋಡಿಲ್ಲ, ನನಗ ಮೈಕಟ್ಟ ಹೇಳಾಕ ಬಂದಾಳ," ಅಂದರು. ನಮ್ಮ ಮನೆಯವರು ಚಪ್ಪಲಿ ಹುಡುಕುತ್ತಿದ್ದರು. ಅವರೂ ಆ ಮಣ್ಣಿನಲ್ಲಿ ಅಪ್ಪನ ಕಾಲು ಮುಟ್ಟಿ ಬೆಳೆದವರು.

ನನಗೆ ಹಲ್ಲು ನೋವು ಎಂದು ಮನೆಯಲ್ಲಿ ಸುಳ್ಳು ಹೇಳಿ ನಾನು ಕೂಸನ್ನೆತ್ತಿಕೊಂಡು ಮತ್ತೆ ನಿಪ್ಪಾಣಿಗೆ ಹೋದೆ. ಮತ್ತೊಮ್ಮೆ ಹೋದೆ. ಮಗ್ಗುಲಾಗಿ ಮಲಗಿಸಿ ಎರಡೂ ಕೈಗಳನ್ನು ಎದೆಯ ನಡುವೆ ಕೂಡಿಸುವುದನ್ನು, ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವುದನ್ನು, ಬೆರಳುಗಳನ್ನು ಎಳೆಯದೆ ಕೈಯ ಹಿಂಭಾಗ ಸವರಿ ತೆರೆಸುವುದನ್ನು ಬಾಯಾರು ಕಲಿಸಿದರು. ಒಂದು ಮಧ್ಯಾಹ್ನ, ನಾನು ಮುಟ್ಟದೆಯೇ, ಕೂಸಿನ ಎರಡು ಕೈಗಳು ತಾವಾಗಿ ಎದೆಯ ಮೇಲೆ ಬಂದು ಒಂದನ್ನೊಂದು ಮುಟ್ಟಿದವು. ಒಂದೇ ಸಲ. ನಾನು ಯಾರನ್ನೂ ಕರೆಯಲಿಲ್ಲ. ಕರೆಯುವ ಹಾಗಿರಲಿಲ್ಲ.

ಮುಂದಿನ ಸಲ ಸೀರೆ ಉಟ್ಟು ಹೊರಟಾಗ ಮಾಮಾ ಕಟ್ಟೆಯ ಮೇಲೆ ಕುಳಿತಿದ್ದರು. "ಎಷ್ಟ ಹಲ್ಲದಾವ ಬೇ ನಿನಗ?" ಅಂದರು. ತಾಲೀಮಿನ ಹುಡುಗರು ನಕ್ಕರು. ಬೈಯಲಿಲ್ಲ, ಹೊಡೆಯಲಿಲ್ಲ. ಕೈ ಚಾಚಿ ಕೂಸನ್ನು ನನ್ನ ಸೊಂಟದಿಂದ ತೆಗೆದುಕೊಂಡರು. ನಿಪ್ಪಾಣಿಗೆ ಹೋಗುವುದು ಅಲ್ಲಿಗೆ ನಿಂತಿತು. ಅಂದಿನಿಂದ ಬೆಳಗಿನ ಎಣ್ಣೆ ತಿಕ್ಕುವುದು ಅವರದೇ. ತಿಕ್ಕಿ, ತಾಲೀಮಿನ ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದರು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಕೂಸು ಬೆರಳ ತುದಿಯಲ್ಲಿ ಸೆಟೆದು, ಕಾಲು ಕತ್ತರಿ ಹಾಕಿಕೊಂಡು ನಿಲ್ಲುತ್ತಿತ್ತು. ಅವರ ಕಣ್ಣಿನಲ್ಲಿ ನೀರು ಬರುವಷ್ಟು ಸಂತೋಷ. ಅದು ಸುಳ್ಳು ಪ್ರೀತಿಯಾಗಿದ್ದರೆ ನನಗೆ ಇಂದು ಇಷ್ಟು ಕಷ್ಟವಾಗುತ್ತಿರಲಿಲ್ಲ...

ಓಣಿಯಲ್ಲಿ ಅವನ ನಂತರ ಹುಟ್ಟಿದವರು ಓಡಾಡತೊಡಗಿದರು. ಮಾಮಾ ಜನರನ್ನು ಕರೆದು ತೋರಿಸುವುದನ್ನು ಯಾವಾಗ ಬಿಟ್ಟರೋ ತಿಳಿಯಲಿಲ್ಲ. ಮಗನಿಗೆ ಮೂರು ತುಂಬಿದ ಮೇಲೆ ಒಂದು ಮುಂಜಾನೆ ಒಗೆದ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ, "ನಡಿ, ನಿಪ್ಪಾಣಿಗೆ," ಅಂದರು. ಅದೇ ಮೆಟ್ಟಿಲು, ಅದೇ ಕೋಣೆ, ಅದೇ ಬಾಯಾರು. ಅವರು ಸೊಂಟದ ಕೀಲು ನೋಡಿದರು, ಹಿಮ್ಮಡಿಯ ನರ ಹಿಡಿದು ನೋಡಿದರು. ಮಾಡುವುದು ಇನ್ನೂ ಇದೆ, ಆದರೆ ಕೈಯಿಂದ ಜಾರಿದ್ದೂ ಬಹಳವಿದೆ ಎಂದರು.

ಮಾಮಾ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಏನ್ ಮಾಡೂದ್ರಿ ಬಾಯಾರ. ಹಳ್ಳಿ ಮಂದಿ ನಾವು. ಆವಾಗ ನಮಗ ಯಾರೂ ಹೇಳಲಿಲ್ಲ."

ನಾನು ಅವರ ಮುಖ ನೋಡಿದೆ. ಅಲ್ಲಿ ಕಳ್ಳತನವಿರಲಿಲ್ಲ. ಅವರು ಅದನ್ನು ನಂಬಿದ್ದರು. ಬಾಯಾರು ಅವರನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಮತ್ತೆ ಕೂಸಿನ ಪಾದದ ಕಡೆ ಬಗ್ಗಿದರು.

ಮಾಮಾ ಹೋಗಿ ಕೆಲವು ವರ್ಷಗಳಾದವು. ತಾಲೀಮಿನಲ್ಲಿ ಅವರ ಫೋಟೋಕ್ಕೆ ದಿನಾ ಹೂವಿನ ಮಾಲೆ ಬೀಳುತ್ತದೆ. ಹುಡುಗರು ಅದಕ್ಕೆ ಕೈಮುಗಿದೇ ಮಣ್ಣಿಗಿಳಿಯುತ್ತಾರೆ. ಅವರು ಬಿಟ್ಟುಹೋದ ಆ ಮಾತು ಮಾತ್ರ ನಮ್ಮ ಮನೆಯಲ್ಲಿ ಬೇರು ಬಿಟ್ಟಿದೆ. ಬಂದ ನೆಂಟರು ಮಗನನ್ನು ನೋಡಿ ಮರುಗಿದರೆ ನಮ್ಮ ಮನೆಯವರು, "ಆವಾಗ ಯಾರಿಗ ಗೊತ್ತಿತ್ರಿ?" ಅನ್ನುತ್ತಾರೆ. ನಿಪ್ಪಾಣಿಯ ಆ ಕೋಣೆಯಲ್ಲಿ ಅವರೂ ಇದ್ದರು.

ಮಗ ಈಗ ನನಗಿಂತ ಉದ್ದವಾಗಿದ್ದಾನೆ. ಮಾತು ನಿಧಾನ, ತಡವರಿಸುತ್ತದೆ. ತಲೆ ಚುರುಕು. ಬಸ್ಸಿನಲ್ಲಿ ಆ ಹುಡುಗ ಪಕ್ಕದಲ್ಲಿ ಕುಳಿತ ದಿನವೇ, ನಾನು ಮನೆಗೆ ಬಂದು ಅವನಿಗೆ ರೊಟ್ಟಿ ಮುರಿದು ಸಾರಿನಲ್ಲಿ ಕಲಸಿ ತುತ್ತು ಮಾಡುತ್ತಿದ್ದೆ. ಅವರಪ್ಪ ಹೊರಗೆ ಕಟ್ಟೆಯ ಮೇಲೆ ಯಾರಿಗೋ ಅದೇ ಮಾತು ಹೇಳುತ್ತಿದ್ದರು. ಮಗ ಕೇಳಿಸಿಕೊಂಡ.

"ಅವ್ವಾ... ಖರೇನ ಯಾರಿಗೂ ಗೊತ್ತಿರಲಿಲ್ಲ?"

ಹೊರಗೆ ಕೇಳುವಷ್ಟು ಗಟ್ಟಿಯಾಗಿ ನಾನು ಹೇಳಿದೆ. "ಗೊತ್ತಿತ್ತಪಾ. ನಿನಗ ಏಳ ತಿಂಗಳಿದ್ದಾಗ ನಿಪ್ಪಾಣಿ ಬಾಯಾರು ನಿನ್ನ ಮುಟ್ಟಿ ನೋಡಿ, ಎಲ್ಲಾ ಹೇಳಿದ್ರು. ಅಜ್ಜಗೂ ಹೇಳಿದ್ರು. ನಿಮ್ಮಪ್ಪಗೂ ಹೇಳಿದ್ರು."

ಕಟ್ಟೆಯ ಮೇಲೆ ಮಾತು ನಿಂತಿತು.

"ಮತ್ತ?" ಅಂದ ಮಗ.

ನಾನು ತುತ್ತನ್ನು ಅವನ ಬಾಯಿಯ ಹತ್ತಿರ ತಂದೆ. ಅವನು ಬಾಯಿ ತೆರೆಯಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದ.