ಹೊದರು ಕಡಿದ ಹಿತ್ತಲು

ನನ್ನ ಕೋಳಿಮರಿಗಳನ್ನು ತಿಂದದ್ದು ಹದ್ದು, ತಿನ್ನಿಸಿದವಳು ನನ್ನ ವಾರಗಿತ್ತಿ. ಮುಂಗುಸಿಯ ಕತೆಯನ್ನು ಯಾರೂ ನನಗೆ ಹೇಳಬೇಕಾಗಿಲ್ಲ.

ಈಸೂರಿನ ಆಚೆಗೆ ನಮ್ಮೂರು. ನನ್ನ ಮನೆ, ಮೈದುನನ ಮನೆ ಅಂಟಿಕೊಂಡೇ ಇವೆ, ಹಿತ್ತಲು ಒಂದೇ. ಅದರ ನಡುವೆ ಲಂಟಾನದ ದೊಡ್ಡ ಹೊದರೊಂದಿತ್ತು. ಕೋಳಿಯನ್ನು ಹೊರಗೆ ಮೇಯಲು ಬಿಟ್ಟು ಸಾಕುವವರಿಗೆ ಹೊದರಿನ ಬೆಲೆ ಗೊತ್ತು. ಮೇಲೆ ಹದ್ದಿನ ನೆರಳು ಹಾದರೆ ಸಾಕು, ಹುಂಜ ಗಂಟಲಲ್ಲೇ ಒಂದು ಸದ್ದು ಮಾಡುತ್ತದೆ. ಹೇಂಟೆ, ಮರಿ ಎಲ್ಲ ಮುಳ್ಳಿನೊಳಗೆ ನುಗ್ಗುತ್ತವೆ. ಅಲ್ಲಿ ಹದ್ದಿಗೆ ರೆಕ್ಕೆ ಬಿಚ್ಚಲು ಜಾಗವಿಲ್ಲ. ಸಂಜೆ ಗೂಡಿಗೆ ಹಾಕಿ ಚಿಲಕ ಬಿಗಿದರೆ ಕಾಡುಬೆಕ್ಕಿನ ಕಾಟವೂ ಇಲ್ಲ. ಮುಂಗುಸಿ ತೋಡದಂತೆ ಗೂಡಿನ ಸುತ್ತ ಕಲ್ಲು ಹೂತಿದ್ದೇನೆ. ನನ್ನ ತವರು ಕುಪ್ಪಗಡ್ಡೆಯಲ್ಲಿ ಅವ್ವ ಸಾಕಿದ್ದೂ ಹೀಗೆಯೇ.

ವಾರಗಿತ್ತಿ ಶಿಕಾರಿಪುರ ಪೇಟೆಯವಳು. ಅವಳ ಕಣ್ಣಿಗೆ ಹೊದರು ಎಂದರೆ ಕೊಳಕು. ಭೂಮಿ ಹುಣ್ಣಿಮೆಯ ಹಿಂದಿನ ದಿನ ನಾನು ಚರಗಕ್ಕೆ ಸೊಪ್ಪು ಕೀಳಲು ಗದ್ದೆಯ ಬದುವಿಗೆ ಹೋಗಿದ್ದೆ. ಬಸುರಿ ಭೂಮಿಗೆ ಬಯಕೆಯೂಟವೆಂದು ಗದ್ದೆಗೆ ಬೀರುವ ಅಡುಗೆಯೇ ಚರಗ. ತಿರುಗಿ ಬರುವಷ್ಟರಲ್ಲಿ ಹಿತ್ತಲು ಬೋಳಾಗಿತ್ತು. ಹೊದರನ್ನು ಬುಡಸಮೇತ ಕೀಳಿಸಿ, ಸುಡಲೆಂದು ಬೇಲಿಯ ಮೂಲೆಗೆ ಒಟ್ಟಿಸಿ, ನೆಲಕ್ಕೆ ಸಗಣಿ ಸಾರಿಸಿ ರಂಗೋಲಿಯನ್ನೂ ಹಾಕಿದ್ದಳು. ರಂಗೋಲಿಯ ಮೇಲೆ ಮರಿಗಳ ಪುಕ್ಕ. ಹೇಂಟೆ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಅದರ ಹೊಟ್ಟೆಯಡಿ ಉಳಿದದ್ದು ಒಂದೇ ಮರಿ.

"ಮುಂಗ್ಸಿ ಬಂದಿತ್ತು ಕಣಕ್ಕಾ," ಅಂದಳು.

"ಮುಂಗ್ಸಿಗೆ ರೆಕ್ಕೆ ಬಂದಾವೇನೆ? ಸಾರ್ಸಿದ ನೆಲ ಇನ್ನೂ ಹಸಿ ಐತೆ. ಒಂದು ಹೆಜ್ಜೆ ಗುರ್ತು ತೋರ್ಸು ನೋಡಾನ."

ತೋರಿಸಲಿಲ್ಲ. ಮಾತು ಹೊರಳಿಸಿದಳು. "ನಿನ್ನ ಕೋಳಿ ಎಲ್ಲಂದ್ರಲ್ಲಿ ಹೇತಾವೆ. ಹಬ್ಬದ ದಿನಾನೂ ನಾನು ಮೂಗು ಮುಚ್ಕಂಡೇ ಇರ್ಬೇಕೇನು?"

"ಮೊಟ್ಟೆ ತಿನ್ನೋವಾಗ ಮೂಗು ಎಲ್ಲಿಟ್ಟಿರ್ತೀಯೆ?"

ಮೈದುನ ಒಳಗೇ ಇದ್ದ. ಕೆಮ್ಮಿದ, ಹೊರಗೆ ಬರಲಿಲ್ಲ.

ಅಷ್ಟರಲ್ಲಿ ನನ್ನ ಮಗ ಬಂದ. ನನ್ನ ಪರವಾಗಿ ಆಡುತ್ತಾನೆ ಅಂದುಕೊಂಡೆ.

"ಅವ್ವಾ, ಜಗಳ ಬ್ಯಾಡ. ಹಬ್ಬ ಮುಗೀಲಿ, ತಂತಿ ಪಂಜರ ತರ್ತೀನಿ. ಎಲ್ಲಾನೂ ಒಳಗೆ ಹಾಕಿಬಿಡಾನ."

"ತಗಂಬಾ. ಅದ್ರಾಗೆ ನೀನೂ ನಿನ್ನ ಚಿಕ್ಕವ್ವನೂ ಕೂತ್ಕಳ್ರಿ. ನನ್ನ ಕೋಳಿ ಕೂರಲ್ಲ."

ಪಂಜರದ ಕೋಳಿಗಳನ್ನು ನಾನು ನೋಡಿದ್ದೇನೆ. ಕೆದರಲು ಮಣ್ಣಿಲ್ಲದೆ ಒಂದರ ಬೆನ್ನನ್ನು ಇನ್ನೊಂದು ಕುಕ್ಕಿ ಬೋಳು ಮಾಡುತ್ತವೆ. ಒಮ್ಮೆ ಪಂಜರ ಬಂತೆಂದರೆ ಹಿತ್ತಲು ಪೂರ್ತಿ ಅವಳದಾಯಿತು, ನನ್ನ ಕೋಳಿ ಮತ್ತೆ ನೆಲ ಕಾಣುವುದಿಲ್ಲ. ಅವಳಿಗೆ ಬೇಕಾದದ್ದೂ ಅದೇ.

ನೆಟ್ಟಲ್ಲೇ ಚಿಗುರುವ ಗೊಬ್ಬರದ ಗಿಡದ ಗೂಟ ಹೂತು ಹೊಸ ಹೊದರು ಮಾಡೋಣವೆಂದರೆ ಹೊತ್ತು ಮುಳುಗಿತ್ತು. ಮರುದಿನ ಹುಣ್ಣಿಮೆ. ಆ ದಿನ ಬಸುರಿ ನೆಲಕ್ಕೆ ನಮ್ಮ ಮನೆಯಲ್ಲಿ ಯಾರೂ ಕಬ್ಬಿಣ ತಾಗಿಸುವುದಿಲ್ಲ. ಅದು ಅವಳಿಗೂ ಗೊತ್ತು.

"ನಾಳೆ ಹೆಂಗೂ ಅಗೆಯಂಗಿಲ್ಲ ಬಿಡಕ್ಕಾ," ಅಂತ ನಗುತ್ತಲೇ ಒಳಗೆ ಹೋದಳು.

ಬೆಳಗ್ಗೆ ಎಲ್ಲರೂ ಚರಗದ ಬುಟ್ಟಿ ಹೊತ್ತು ಗದ್ದೆಗೆ ಹೊರಟರು. ನಾನು ಮಂಡಿನೋವು ಅಂದೆ. ಅವರು ಮರೆಯಾದ ಮೇಲೆ ಬೇಲಿಮೂಲೆಯ ಮುಳ್ಳನ್ನೆಲ್ಲ ಬರಿಗೈಯಲ್ಲೇ ಎಳೆದು ತಂದೆ. ಮೊದಲಿದ್ದ ಜಾಗದಲ್ಲೇ, ಅವಳ ರಂಗೋಲಿಯ ಮೇಲೆಯೇ, ಅಡಿಯಲ್ಲಿ ಕೋಳಿ ನುಗ್ಗುವಷ್ಟು ಸಂದು ಬಿಟ್ಟು ಒಟ್ಟಿದೆ. ಗುದ್ದಲಿ ಮುಟ್ಟಲಿಲ್ಲ. ಆಮೇಲೆ ಗೂಡಿನ ಚಿಲಕ ತೆಗೆದೆ.