ದೆವ್ವದ ಆಟಕ್ಕೆ ಎರಡು ರೊಟ್ಟಿ

ಭೋಸರಿಯ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಸಾವಿತ್ರಿಬಾಯಿಯ ಖಾನಾವಳಿಗೆ ದಾರಿ ಕೇಳಬೇಕಾಗಿಲ್ಲ. ರೊಟ್ಟಿ ಬಡಿಯುವ ಸದ್ದು ಬಂದ ಕಡೆ ನಡೆದರೆ ಸಾಕು. ಪಕ್ಕದ ಶೆಡ್ಡಿನ ಪ್ರೆಸ್ ಯಂತ್ರವೂ ಹಾಗೆಯೇ ಬಡಿಯುತ್ತದೆ, ಆದರೆ ಅದು ನಡುನಡುವೆ ಕೆಟ್ಟು ನಿಲ್ಲುತ್ತದೆ. ಸಾವಿತ್ರಿಬಾಯಿ ಕೆಟ್ಟು ನಿಂತದ್ದನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಕಂಡಿಲ್ಲ.

ಆಳಂದದ ಕಡೆಯ ಹಳ್ಳಿಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಗಂಡನ ಹಿಂದೆ ಪುಣೆಗೆ ಬಂದವಳು. ಈಗ ಐವತ್ತಮೂರು. ಗಂಡ ಗಾರೆ ಕೆಲಸದವನು. ಮಗ ದತ್ತು ನಾಲ್ಕು ವರ್ಷದವನಿದ್ದಾಗ ಆತ ತಾನು ಕಟ್ಟುತ್ತಿದ್ದ ಕಟ್ಟಡದ ಮೂರನೇ ಮಜಲಿನಿಂದ ಬಿದ್ದು ತೀರಿಹೋದ. ಆಮೇಲೆ ಇಟ್ಟಿಗೆ ಹೊತ್ತಳು, ಮಣ್ಣು ಹೊತ್ತಳು, ಕೊನೆಗೆ ಜೋಳದ ಹಿಟ್ಟಿಗೆ ಕೈ ಹಾಕಿದಳು. ದತ್ತು ಈಗ ಇಪ್ಪತ್ತೇಳರ ಗಂಡಸು, ಅಲ್ಲೇ ಒಂದು ಕಾರ್ಖಾನೆಯಲ್ಲಿ ಮಶೀನ್ ಆಪರೇಟರ್. ಇಷ್ಟು ಕೇಳಿದವರು ‘ಪಾಪ, ಕಷ್ಟಪಟ್ಟ ಹೆಂಗಸು’ ಎಂದು ತಲೆ ಅಲ್ಲಾಡಿಸಿ ಎದ್ದು ಹೋಗುತ್ತಾರೆ. ಎದ್ದು ಹೋಗಬೇಡಿ. ಕತೆ ಇಲ್ಲಿಂದ ಮುಂದಿದೆ.

ಖಾನಾವಳಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವಳು ತುಮಕೂರಿನ ಸಿಂಧೂರ, ಐಟಿ ಕಂಪನಿಯ ಹುಡುಗಿ. ಎರಡು ವರ್ಷದ ಹಿಂದೆ ಅವಳು ಕೈಯಲ್ಲಿ ಹಿಡಿದು ಆಡುವ ಹೊಸ ಗೇಮಿಂಗ್ ಕನ್ಸೋಲ್ ತಂದಳು. ಹಳೆಯದನ್ನು ಎಸೆಯಲು ಮನಸ್ಸಾಗದೆ ಕೆಳಗೆ ತಂದುಕೊಟ್ಟಳು.

“ಸಾವಿತ್ರಮ್ಮ, ಇದ್ರಲ್ಲಿ ಒಂದೇ ಗೇಮ್ ಇರೋದು, ಅದೂ ಹಾರರ್. ತುಂಬಾ ಭಯ ಆದ್ರೆ ಆಫ್ ಮಾಡ್ಬಿಡಿ, ಆಯ್ತಾ?” ಎಂದಳು. ಯಾವ ಬಾಯಿಯನ್ನಾದರೂ ಅಮ್ಮ ಮಾಡಿಬಿಡುವುದು ದಕ್ಷಿಣದವರ ಚಾಳಿ.

“ಈ ಡಬ್ಬಿ ನನಗ ಅಂಜಸ್ತದೇನು?” ಎಂದಳು ಸಾವಿತ್ರಿಬಾಯಿ.

ಪಾಳುಬಿದ್ದ ಆಸ್ಪತ್ರೆಯ ಆಟ ಅದು. ಮುಖವಿಲ್ಲದ ನರ್ಸೊಬ್ಬಳು ವಾರ್ಡಿನಿಂದ ವಾರ್ಡಿಗೆ ಹುಡುಕುತ್ತ ಬರುತ್ತಾಳೆ, ನಾವು ಕಪಾಟಿನೊಳಗೆ ಉಸಿರು ಬಿಗಿಹಿಡಿದು ಕೂತಿರಬೇಕು. ಮಧ್ಯಾಹ್ನದ ಊಟದವರು ಹೋದ ಮೇಲೆ, ಸಂಜೆಯ ಮೊದಲ ರೊಟ್ಟಿ ಹಂಚಿನ ಮೇಲೆ ಹಾಕಿ ಸಾವಿತ್ರಿಬಾಯಿ ಆ ಕಪಾಟಿನಲ್ಲಿ ಕೂತಳು. ನರ್ಸು ಹತ್ತಿರ ಬಂದಳು, ನಿಂತಳು, ಕಪಾಟಿನ ಬಾಗಿಲು ತಡವಿದಳು. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಗಿ ಹೊಗೆ ಮನೆ ತುಂಬಿದಾಗಲೇ ಆಕೆಗೆ ಎಚ್ಚರ. ಇಪ್ಪತ್ತು ವರ್ಷದಲ್ಲಿ ಹೊತ್ತಿದ ಮೊದಲ ರೊಟ್ಟಿ. ಅದನ್ನು ಕೈಯಲ್ಲಿ ಹಿಡಿದು ಆಕೆ ಒಬ್ಬಳೇ ನಕ್ಕಳು. ಅಷ್ಟು ಖುಷಿ ಆಕೆಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಅಲ್ಲಿಂದ ಸಿಂಧೂರ ಹಾಕಿಕೊಟ್ಟ ಆಟಗಳು ಹತ್ತಾದವು, ಇಪ್ಪತ್ತಾದವು. ಆಟದ ಇಂಗ್ಲಿಷ್ ಹೆಸರು ಆಕೆಯ ನಾಲಿಗೆಗೆ ಹತ್ತುತ್ತಿರಲಿಲ್ಲ, ಆದರೆ ಯಾವುದು ಆಡಲು ತಕ್ಕದ್ದು, ಯಾವುದು ಹೊತ್ತು ಹಾಳು ಎನ್ನುವುದು ಕರಾರುವಾಕ್ಕಾಗಿ ಗೊತ್ತಿರುತ್ತಿತ್ತು. ಆ ಮಾತುಗಳನ್ನು ಸಿಂಧೂರ ಮೊಬೈಲಿನಲ್ಲಿ ಹಿಡಿದಳು. ಮುಖವಿಲ್ಲ, ಬರೀ ಹಿಟ್ಟು ಮೆತ್ತಿದ ಎರಡು ಕೈ, ಮತ್ತು ದನಿ. ಯೂಟ್ಯೂಬಿಗೆ ಹಾಕಿದ ಮೊದಲ ದಿನವೇ ಯಾವನೋ ಬರೆದ: ‘ಆಂಟಿ, ನಿಮಗ್ಯಾಕೆ ಇದೆಲ್ಲ? ಹೋಗಿ ರೊಟ್ಟಿ ಬಡೀರಿ.’

ಸಿಂಧೂರ ಅದನ್ನು ಅಳಿಸಲು ಹೋದಳು. ಸಾವಿತ್ರಿಬಾಯಿ ತಡೆದಳು. ಸಿಟ್ಟು ನೆತ್ತಿಗೇರಿತ್ತು, ಆದರೆ ಸಿಟ್ಟಿನಲ್ಲೂ ಕೈ ಹಿಟ್ಟು ನಾದುತ್ತಲೇ ಇತ್ತು.

“ಇರಲಿ ಬಿಡು. ರೊಟ್ಟಿ ಬಡಿಯೋದು ಅಂದ್ರ ಬೈಗಳ ಅಂತ ತಿಳಿದಾನ ಆವಾ. ಇನ್ನ ಮ್ಯಾಲಿಂದ ರೊಟ್ಟಿ ಲೆಕ್ಕದಾಗೇ ಹೇಳ್ತೀನಿ.”

ಹಾಗೆ ಹುಟ್ಟಿದ ಅಳತೆ ಅದು. ಆಟದಲ್ಲಿ ಮೈಮರೆತಾಗ ಎಷ್ಟು ರೊಟ್ಟಿ ಹೊತ್ತಿದವೋ ಆಟಕ್ಕೆ ಅಷ್ಟು ರೊಟ್ಟಿ. ಆಸ್ಪತ್ರೆಯದಕ್ಕೆ ಮೂರು. ಹಡಗಿನ ದೆವ್ವದ ಆಟಕ್ಕೆ ಒಂದೇ, ಯಾಕೆಂದರೆ ಸಣ್ಣ ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಓದುವುದರೊಳಗೆ ದೆವ್ವವೇ ಬೇಸತ್ತು ಹೋಗುತ್ತದೆ. ಎಲ್ಲರೂ ಹೊಗಳುವ ರಕ್ತದ ಆಟಕ್ಕೆ ಸೊನ್ನೆ: “ಕುಂಕುಮದ ನೀರು ಚೆಲ್ಲಿ ಅಂಜಸ್ತಾರ.” ಒಣ ಬಾವಿಯೊಳಗೆ ಬ್ಯಾಟರಿ ಹಿಡಿದು ಇಳಿಯುವ ಆಟಕ್ಕೆ ಎರಡು: “ನಾ ಖರೇ ಬಾವಿ ತೋಡಿದಾಕಿ, ನನಗ ಎರಡೇ. ಆದ್ರ ಪೂರ್ತಿ ಚಾರ್ಜ್ ಮಾಡಿ ಕೂಡ್ರಿ. ಬಾವ್ಯಾಗಿನ ಬ್ಯಾಟರಿ, ಕೈಯಾಗಿನ ಬ್ಯಾಟರಿ ಎರಡೂ ಕೂಡೇ ಮುಗೀತಾವ.” ದೊಡ್ಡ ಟೀವಿಗಿಂತ ಈ ಡಬ್ಬಿಯೇ ಯಾಕೆ ವಾಸಿ ಎಂದು ಯಾರೋ ಕೇಳಿದ್ದಕ್ಕೂ ಉತ್ತರ ಕೊಟ್ಟಿದ್ದಳು: ಗುಂಡಿ ಒತ್ತಿದರೆ ದೆವ್ವ ಎತ್ತಿದ ಕಾಲಲ್ಲೇ ನಿಲ್ಲುತ್ತದೆ, ನಾವು ರೊಟ್ಟಿ ತಿರುವಿ ಹಾಕಿ ಬರಬಹುದು.

ಜನ ನೋಡಿದರು. ‘ರೊಟ್ಟಿಬಾಯಿ’ ಎಂದು ಹೆಸರಿಟ್ಟರು. ಬರೆಯುವಾಗ ಮಾತ್ರ ಎಲ್ಲರೂ ಆಂಟಿ, ಆಂಟಿ. ಆ ರೊಟ್ಟಿ ಹೆಚ್ಚಿಸಿ, ಈ ರೊಟ್ಟಿ ಇಳಿಸಿ ಎಂದು ಜಗಳ ತೆಗೆಯುವ ಗಂಡಸರು ದಿನಕ್ಕೊಬ್ಬ. ಸಾವಿತ್ರಿಬಾಯಿ ಒಂದನ್ನೂ ತಿದ್ದಲಿಲ್ಲ.

ಇಷ್ಟರಲ್ಲಿ ದತ್ತುವಿಗೆ ಹುಮನಾಬಾದಿನ ಸಂಬಂಧ ಬಂತು. ಹಿಂದೆ ಮೂರು ಸಂಬಂಧ ಬಂದು ಖಾನಾವಳಿಯೂ ಅದೇ ಆದ ಒಂದೇ ಕೋಣೆಯ ಮನೆ ನೋಡಿ ತಿರುಗಿ ಹೋಗಿದ್ದವು. ಇದು ನಾಲ್ಕನೆಯದು. ಹುಡುಗಿ ಶಿವಕಾಂತಾ, ಬಿ.ಕಾಂ. ಓದಿ ಅಲ್ಲೇ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅವಳ ಫೋಟೋ ಬಂದ ದಿನದಿಂದ ದತ್ತು ಕಾರ್ಖಾನೆಗೆ ಹೋಗುವಾಗಲೂ ಎರಡೆರಡು ಸಲ ತಲೆ ಬಾಚುತ್ತಿದ್ದ. ಹುಡುಗಿಯ ತಂದೆ ಲಾಲಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಜೇಜುರಿಗೆ ಬರುವವನಿದ್ದ. ಖಂಡೋಬನ ದರ್ಶನ ಮುಗಿಸಿ ಹಾಗೇ ಮನೆ ನೋಡಿ ಹೋಗುತ್ತೇವೆ ಎಂದು ಹೇಳಿ ಕಳಿಸಿದ.

ಹಿಂದಿನ ದಿನ ದತ್ತು ತಾಯಿಯ ಮುಂದೆ ಬಂದು ಕೂತ.

“ಅವ್ವ, ಆ ಡಬ್ಬಿ ಒಂದೇ ದಿನ ಮುಚ್ಚಿಡು. ಹಳೇ ಮಂದಿ ಅದಾರ. ದೆವ್ವ ಗಿವ್ವ ಅಂದ್ರ ಎದ್ದು ಹೋಗ್ತಾರ.”

ಮಗ ಏನನ್ನೂ ಕೇಳಿದವನಲ್ಲ. ಸಾವಿತ್ರಿಬಾಯಿ ಹೂಂ ಎಂದಳು. ಕನ್ಸೋಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಇಳಿಸಿದಳು.

ಬಂದವರ ಹಣೆಯ ತುಂಬ ಭಂಡಾರ, ಖಂಡೋಬನ ಗುಡಿಯ ಅರಿಶಿನ. ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಬಿಸಿ ರೊಟ್ಟಿ ಬಡಿಸಿದಳು. ಲಾಲಪ್ಪ ಮೊದಲ ತುತ್ತಿಗೇ ತಲೆದೂಗಿದ. ಶಿವಕಾಂತಾ ಗೋಡೆಗೊರಗಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ದತ್ತು ನೀರು ಕೊಡುವ ನೆಪದಲ್ಲಿ ಮೂರು ಸಲ ಅತ್ತ ಸುಳಿದ. ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ಲಾಲಪ್ಪ ಎರಡನೇ ರೊಟ್ಟಿ ಮುರಿಯುತ್ತ ಮಾತು ತೆಗೆದ.

“ಬಾಯಾರ, ಒಂದು ಮಾತು ಕೇಳ್ತೀನಿ, ತಪ್ಪು ತಿಳಿಬ್ಯಾಡ್ರಿ. ನಮ್ಮ ಅಣ್ಣನ ಮಕ್ಕಳು ಮೊಬೈಲಿನಾಗ ಒಬ್ಬಾಕೀದು ನೋಡ್ತಾವ. ರೊಟ್ಟಿಬಾಯಿ ಅಂತ. ದೆವ್ವದ ಆಟ ಯಾವ್ದು ಛಲೋ ಅಂತ ಹೇಳ್ತಾಳಂತ. ಭೋಸರಿಯಾಕಿನೇ ಅಂತ ಸುದ್ದಿ. ಅಂಥಾಕಿ ನಿಮ್ಮ ಓಣ್ಯಾಗ ಯಾರೂ ಇಲ್ಲಲ್ಲ?”

ದತ್ತು ನೀರಿನ ಚರಿಗೆ ಹಿಡಿದುಕೊಂಡು ನಿಂತಲ್ಲೇ ನಿಂತ. ಇಲ್ಲ ಎಂದರೆ ಮುಗಿಯುತ್ತಿತ್ತು. ಎರಡಕ್ಷರದ ಮಾತು. ಇಲ್ಲ ಎಂದು ಹೇಳಿ, ಮಗನ ಮದುವೆ ಮಾಡಿ, ಆಮೇಲೆ ಸಾಯುವತನಕ ಹಿಟ್ಟಿನ ಡಬ್ಬಿಯೊಳಗೆ ಕೂತಿರಬೇಕು. ಸಾವಿತ್ರಿಬಾಯಿ ಒಮ್ಮೆ ಮಗನ ಮುಖ ನೋಡಿದಳು.

“ಅದಾಳ್ರಿ. ನಾನೇ ಆಕಿ,” ಎಂದಳು.

ಎದ್ದು, ಮೊಣಕೈಯವರೆಗೆ ಹಿಟ್ಟಿನಲ್ಲಿ ಕೈ ಹಾಕಿ, ಚೀಲ ಹೊರಗೆಳೆದು, ಕನ್ಸೋಲನ್ನು ಬಂದವರ ಮುಂದೆ ಇಟ್ಟಳು.

ಲಾಲಪ್ಪನ ತುತ್ತು ಕೈಯಲ್ಲೇ ಉಳಿಯಿತು. “ಗಂಡ ಇಲ್ದಾಕಿ, ದೇವರ ಹೆಸರು ತಗೊಳ್ಳೋ ವಯಸ್ಸಿನಾಗ ದೆವ್ವ ಆಡಸ್ತೀರಿ? ಮನಿಯೊಳಗ ಗಾಳಿ ಸೇರ್ತದರಿ. ನಮ್ಮ ಹುಡುಗಿ ಇಲ್ಲಿ ಬಾಳ್ವೆ ಮಾಡೋದು ಹ್ಯಾಂಗ?”

“ಗಾಳಿ ಬಂದ್ರ ಛಲೋನೇ ಆಯ್ತರಿ, ಈ ಮನಿಗಿ ಇರೋದು ಒಂದೇ ಕಿಟಕಿ,” ಎಂದಳು ಆಕೆ. ಆಮೇಲೆ ದನಿ ಇಳಿಸಿದಳು. “ನನ್ನ ಗಂಡ ಬಿದ್ದು ಸತ್ತ ಮೂರನೇ ದಿನ ನನ್ನ ಬಾಗಿಲಿಗಿ ದೆವ್ವ ಬರಲಿಲ್ಲ ಲಾಲಪ್ಪನವರ. ಕೂಲಿ ಮಂದೀನ ದುಡಿಸೋ ಮುಕಾದಮ ಬಂದ. ಜೋಪಡಿ ಖಾಲಿ ಮಾಡು ಅಂದ. ಅವತ್ತು ಅಂಜೀನಿ. ಆ ಅಂಜಿಕಿಗಿ ಬಂದ್ ಮಾಡೋ ಗುಂಡಿ ಇರಲಿಲ್ಲ. ಇದಕ್ಕ ಅದ. ಬೇಕಂದಾಗ ಅಂಜತೀನಿ, ಸಾಕಂದಾಗ ಬಂದ್ ಮಾಡ್ತೀನಿ. ಇದರಾಗ ತಪ್ಪೇನದ, ನೀವೇ ಹೇಳ್ರಿ.”

ಲಾಲಪ್ಪ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆದ. ಅವನ ಹಿಂದೆ ಮನೆಮಂದಿ ಎಲ್ಲ ಎದ್ದರು. ಶಿವಕಾಂತಾ ಒಬ್ಬಳು ಕೂತೇ ಇದ್ದಳು. ತಂದೆ ಎರಡು ಸಲ ಕರೆದರೂ, ಕೊನೆಯ ಚೂರಿನಿಂದ ತಟ್ಟೆ ಒರೆಸಿ ತಿಂದು ಆಮೇಲೆ ಎದ್ದಳು.

ಊಟ ಬಿಟ್ಟು ಎದ್ದದ್ದು ಸಾವಿತ್ರಿಬಾಯಿಗೆ ಕಪಾಳಕ್ಕೆ ಹೊಡೆದಂತಾಗಿತ್ತು. ಸಂಬಂಧ ಬೇಡ ಅನ್ನಲಿ, ರೊಟ್ಟಿ ಏನು ಮಾಡಿತ್ತು?

“ಒಂದು ದಿನ ಸುಮ್ಮನಿರಲಾಕ ಆಗ್ಲಿಲ್ಲೇನವ್ವ ನಿನಗ?” ಎಂದ ದತ್ತು.

“ಸುಮ್ಮನೇ ಇದ್ದೆ. ಅವ್ರು ಕೇಳಿದ್ರು.”

ಎಂಟು ದಿನ ಮಗ ಮಾತಾಡಲಿಲ್ಲ. ಊರ ಬಾಯಿಗೆ ಮುಚ್ಚಳವಿಲ್ಲ. ಗಲ್ಲಿಯಲ್ಲಿ ಯಾರೋ ತಾಯಿಯೇ ಮಗನಿಗೆ ದೆವ್ವವಾದಳು ಎಂದರು, ಅದೂ ಕಿವಿಗೆ ಬಿತ್ತು. ಸಾವಿತ್ರಿಬಾಯಿ ಆಟ ಬಿಡಲಿಲ್ಲ. ಬಿಟ್ಟರೆ ಅವರು ಹೇಳಿದ್ದೇ ನಿಜವಾಗುತ್ತಿತ್ತು. ಆದರೆ ನರ್ಸು ಮೂಗಿನ ತುದಿಗೆ ಬಂದು ನಿಂತರೂ ಒಂದು ರೊಟ್ಟಿಯೂ ಹೊತ್ತಲಿಲ್ಲ. ಕಣ್ಣು ಪರದೆಯ ಮೇಲೆ, ಜೀವವೆಲ್ಲ ಮಗ ಬರುವ ಬಾಗಿಲ ಕಡೆ. ಮಾಡಿದ್ದು ಸರಿ ಎಂದು ಗೊತ್ತಿತ್ತು. ಸರಿ ಎಂದು ಗೊತ್ತಿದ್ದರೂ ಅಳು ಬರುತ್ತದೆ ಎಂಬುದೂ ಆಕೆಗೆ ಆ ವಾರ ಗೊತ್ತಾಯಿತು.

ಒಂಬತ್ತನೇ ದಿನ ಭಾನುವಾರ. ದತ್ತು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಸಿಂಧೂರ ಮೊಬೈಲ್ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು.

“ಸಾವಿತ್ರಮ್ಮ, ಒಂದು ಕಾಮೆಂಟ್ ಬಂದಿದೆ. ನೀವು ನೋಡ್ಲೇಬೇಕು.”

“ಕೈ ಹಿಟ್ಟಾಗ್ಯಾವ. ಓದು.”

“ನಾನು ಓದಲ್ಲ. ದತ್ತು, ನೀವು ಓದಿ,” ಎಂದು ಮೊಬೈಲನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

ದತ್ತು ಒಲ್ಲದ ಮನಸ್ಸಿನಿಂದ ನೋಡಿದ. ಮೊದಲ ಪದಕ್ಕೇ ನಿಂತ. ತಟ್ಟೆ ಪಕ್ಕಕ್ಕೆ ಸರಿಸಿ ಗಟ್ಟಿಯಾಗಿ ಓದಿದ.

“‘ಅತ್ತಿ, ಬಾವಿ ಆಟಕ್ಕ ನೀವು ಎರಡೇ ರೊಟ್ಟಿ ಕೊಟ್ಟೀರಿ. ತಪ್ಪರಿ. ದೊಡ್ಡಪ್ಪನ ಮಕ್ಕಳ ಡಬ್ಬಿ ಕಸಗೊಂಡು ನಾನೇ ಆಡೀನಿ. ನಾಕು ಹೊತ್ತ್ಯಾವ. ನಮ್ಮಪ್ಪಗ ಅವೇ ನೀಡೀನಿ. ನಿಮ್ಮ ಛಲೋ ರೊಟ್ಟಿ ಬಿಟ್ಟು ಎದ್ದು ಬಂದವ್ರಿಗಿ ನಮ್ಮನ್ಯಾಗ ಇನ್ನ ಮ್ಯಾಲೆ ಇವೇ ಅಂತ ಹೇಳೀನಿ. ಶಿವಕಾಂತಾ ಲಾಲಪ್ಪ, ಹುಮನಾಬಾದ.’”

ನೂರಾರು ಆಂಟಿಗಳ ನಡುವೆ ಅದೊಂದೇ ‘ಅತ್ತಿ’. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಸಿಂಧೂರ ಕೇಳಿದಳು: “ನಾಲ್ಕು ಅಂತ ಚೇಂಜ್ ಮಾಡ್ಲಾ?”

“ಮಾಡಬ್ಯಾಡ. ಎರಡೇ,” ಎಂದಳು ಸಾವಿತ್ರಿಬಾಯಿ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. “ದತ್ತು, ಬರಿ. ನಾಕು ಹೊತ್ತತಾವ ಅನ್ನಾಕಿ ಇಲ್ಲಿಗೇ ಬಂದು, ನನ್ನ ಹಂಚಿನ ಮ್ಯಾಲೆ ಹೊತ್ತಿಸಿ ತೋರ್ಸಲಿ. ಆಮ್ಯಾಲೆ ತಿದ್ದೋದು ನೋಡೋಣು.”

ದತ್ತು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದ. ಎಂಟು ದಿನದ ಮೇಲೆ ತಾಯಿಯ ಕಡೆ ತಿರುಗಿದ.

“ಬರೆದೆ. ಕಳಸಲೇನು?”

“ತಡಿ. ಮೊದಲಿಗಿ ‘ಸೊಸಿ’ ಅಂತ ಹಾಕು.”

ದತ್ತು ಹಾಕಿದ.